ಪಿಟೀಲಿನ ಒಂಟಿ ನುಡಿ

ಪಿಟೀಲಿಗೂ ವಾದ್ಯವೃಂದಕ್ಕೂ ಸಂವಾದರೂಪವಾದ ಪಾಶ್ಚಾತ್ಯ ಕೃತಿಗೆ ಕನ್ಚೆರ್ಟೊ ಎಂದು ಹೆಸರು. ಅದರ ಮೊದಲನೆಯ ಭಾಗವು ಮುಗಿಯುವ ಮುನ್ನ ವೃಂದವು ಮೌನವನ್ನು ತಾಳಲು, ಪಿಟೀಲೊಂದೇ ಲಯಬಂಧನವನ್ನು ಸಡಿಲಿಸಿ ಕೃತಿಯ ಭಾವಗಳನ್ನು ವಿಸ್ತರಿಸುವುದು, ಇದೇ ಕೆಡೆನ್ಜಾ. ಎರಡು ಸ್ವರಗಳ ದೀರ್ಘ ಕಂಪನವು ಕೇಳಿದೊಡನೆ ವೃಂದವು ಮರಳಿ ಸೇರುವುದು ವಾಡಿಕೆ. ಬೇಥೋವೆನನು 1806ರಲ್ಲಿ ಈ ಸ್ಥಳವನ್ನು ವಾದಕನ ಮನೋಧರ್ಮಕ್ಕೇ ಬಿಟ್ಟನು. ಮೆಂಡೆಲ್‌ಸೋನನು 1844ರಲ್ಲಿ ಅದನ್ನು ಭಾಗದ ನಡುವಿಗೆ ತಂದು ತಾನೇ ಬರೆದಿಟ್ಟನು.

ಏಳು ತಂತಿಯ ಪಿಟೀಲಿನಿಂದ ಖ್ಯಾತರಾದ ಮೈಸೂರು ಟಿ. ಚೌಡಯ್ಯನವರು (1895–1967) ನುಡಿಸಿದ ನಮ್ಮ ಸಂಗೀತದಲ್ಲಿಯೂ ಕಲ್ಪನಾಸ್ವರವುಂಟು. ಆದರೆ ಅದು ತಾಳವನ್ನು ಬಿಡದೆ, ಸಾಹಿತ್ಯದ ಎತ್ತುಗಡೆಗೆ ತಪ್ಪದೆ ಬಂದು ಸೇರಬೇಕು. ಜೋಗಿಮಟ್ಟಿಯ ನೆತ್ತಿಗೇರಿದವರು ದುರ್ಗಕ್ಕಿಳಿಯುವ ದಾರಿಯನ್ನು ಅರಿತಿರಬೇಕಷ್ಟೆ. ಒಂಟಿಯಾಗಿ ನುಡಿಸುವವರಿಗೂ ಮರಳುವ ಸ್ಥಾನವು ಮೊದಲೇ ತಿಳಿದಿರತಕ್ಕದ್ದು.