ಹೊಸದು ಮಾಡೋದು ಬೇರೆ, ಉಳಿಸೋದು ಬೇರೆ: ಯಂಗ್ ಸ್ಟ್ರೀಟಿನ ಒಂದು ಗಾರೆ ಪಾಠ

ಟೊರಾಂಟೊದ ಕ್ವೀನ್ ಸಬ್‌ವೇ ಸ್ಟೇಷನ್ನಿನಿಂದ ಮೇಲೆ ಬಂದು ಯಂಗ್ ಸ್ಟ್ರೀಟಿನಲ್ಲಿ ಸ್ವಲ್ಪ ಉತ್ತರಕ್ಕೆ ನಡೆದರೆ ಎಲ್ಜಿನ್ ಮತ್ತು ವಿಂಟರ್ ಗಾರ್ಡನ್ ಥಿಯೇಟರ್ ಸಿಗುತ್ತದೆ. ನಮ್ಮಲ್ಲಿ ಬಹಳ ಜನ ದಿನಾ ಅದರ ಮುಂದೆಯೇ ಓಡಾಡ್ತೀವಿ, ತಲೆ ಎತ್ತಿ ನೋಡಿರೋದು ಕಮ್ಮಿ. ಒಂದರ ತಲೆ ಮೇಲೆ ಇನ್ನೊಂದು ಕೂತ ಎರಡು ರಂಗಮಂದಿರಗಳು ಇವು. ವಾಸ್ತುಶಿಲ್ಪಿ ಥಾಮಸ್ ಲ್ಯಾಂಬ್. ಕೆಳಗಿನದು 1913ರ ಡಿಸೆಂಬರಿನಲ್ಲಿ, ಮೇಲಿನದು 1914ರ ಫೆಬ್ರವರಿಯಲ್ಲಿ ಶುರುವಾಯಿತು. ಮೇಲಿನ ವಿಂಟರ್ ಗಾರ್ಡನ್ 1928ರಲ್ಲಿ ಮುಚ್ಚಿತು. ಆಮೇಲೆ ಸುಮಾರು ಅರವತ್ತು ವರ್ಷ ಅಲ್ಲಿ ನಾಟಕವಿಲ್ಲ, ಹಾಡಿಲ್ಲ, ಬರೀ ಧೂಳು. 1981ರಲ್ಲಿ ಒಂಟಾರಿಯೊ ಹೆರಿಟೇಜ್ ಫೌಂಡೇಷನ್ (ಈಗಿನ ಹೆರಿಟೇಜ್ ಟ್ರಸ್ಟ್) ಕಟ್ಟಡ ಕೊಂಡಿತು. 1987ರಲ್ಲಿ ದುರಸ್ತಿ ಶುರುವಾಗಿ 1989ರ ಡಿಸೆಂಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು.

ಒಳಗಿರುವ ಅಲಂಕಾರದ ಬಹುಪಾಲು ಪ್ಲಾಸ್ಟರ್. ಎಲ್ಜಿನ್‌ನಲ್ಲಿ ಅಮೃತಶಿಲೆ ಅಂತ ನಾವಂದುಕೊಳ್ಳುವುದು ಬಣ್ಣ ಕಲಸಿ, ತಿಕ್ಕಿ, ಹೊಳಪು ಕೊಟ್ಟ ಪ್ಲಾಸ್ಟರ್. ಇದಕ್ಕೆ ಸ್ಕಾಲಿಯೋಲಾ ಅಂತ ಹೆಸರು. ಚಿನ್ನದಂತೆ ಹೊಳೆಯುವ ಹೂಬಳ್ಳಿಗಳ ಮೇಲಿರುವುದು ಅಲ್ಯೂಮಿನಿಯಂ ರೇಕು. ದುರಸ್ತಿಯಲ್ಲಿ ಅಂಥ ರೇಕು ಮೂರು ಲಕ್ಷಕ್ಕೂ ಹೆಚ್ಚು ಬೇಕಾದವಂತೆ. ಮೇಲಿನ ವಿಂಟರ್ ಗಾರ್ಡನ್ನಿನಲ್ಲಿ ಕಂಬಗಳೆಲ್ಲ ಮರದ ಕಾಂಡದ ವೇಷ ಹಾಕಿವೆ, ಚಾವಣಿಯಿಂದ ನಿಜವಾದ ಬೀಚ್ ಮರದ ಎಲೆಗಳು ಇಳಿಬಿದ್ದಿವೆ.

ಈಗ ಕಷ್ಟದ ವಿಷಯಕ್ಕೆ ಬರೋಣ. ವಿಂಟರ್ ಗಾರ್ಡನ್ನಿನ ಗೋಡೆಗಳ ಮೇಲೆ ಬಳ್ಳಿ, ಹೂವು, ತೋಟದ ಚಿತ್ರಗಳಿವೆ, ಎಲ್ಲ ಕೈಯಲ್ಲಿ ಬರೆದ ಜಲವರ್ಣ. ಅರವತ್ತು ವರ್ಷದ ಕೊಳೆ ತೆಗೀಬೇಕು, ಆದ್ರೆ ಒದ್ದೆ ಬಟ್ಟೆ ಮುಟ್ಟಿಸಿದರೆ ಕೊಳೆಯ ಜೊತೆ ಚಿತ್ರವೂ ಹೋಗುತ್ತದೆ. ಅವರು ಕಂಡುಕೊಂಡ ದಾರಿ ಹಸಿ ಬ್ರೆಡ್ ಹಿಟ್ಟು! ನೂರಾರು ಪೌಂಡ್ ಹಿಟ್ಟು ನಾದಿ, ಗೋಡೆಗೆ ಒತ್ತಿ ಉರುಳಿಸಿ ಕೊಳೆ ಎತ್ತಿದರು. ಹಿಟ್ಟಿನಲ್ಲೂ ನೀರಿದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಅದು ಹಿಟ್ಟಿನಲ್ಲೇ ಹಿಡಿದುಕೊಂಡಿರುತ್ತದೆ, ಗೋಡೆಗೆ ಹರಿಯುವುದಿಲ್ಲ. ಜಿಗುಟು ಮಾತ್ರ ಧೂಳನ್ನು ಹಿಡಿಯುತ್ತದೆ. ಮಕ್ಕಳು ಆಡುವ ಪ್ಲೇ-ಡೋ ಕೂಡ ಮೊದಲು ಗೋಡೆಕಾಗದದ ಮಸಿ ತೆಗೆಯೋಕೆ ಅಂತಲೇ ಮಾರುತ್ತಿದ್ದ ಮುದ್ದೆ ಅನ್ನೋದು ಇಲ್ಲಿ ನೆನಪಾಗುತ್ತೆ.

ಇದರಲ್ಲಿ ನಮಗೆ ಹಿಡಿಸಿದ್ದು ಕ್ರಮ. ಗೋಡೆ ಏನು ತಡೆದುಕೊಳ್ಳುತ್ತೆ ಅಂತ ಮೊದಲು ಕೇಳಿ, ಆಮೇಲೆ ಸಾಮಾನು ಆರಿಸಿದ್ದಾರೆ. ನಮ್ಮ ಊರಿನ ಜೀರ್ಣೋದ್ಧಾರಗಳು ಸಾಮಾನ್ಯವಾಗಿ ತಲೆಕೆಳಗಾಗಿ ನಡೆಯುತ್ತವೆ. ಅಂಗಡಿಯಲ್ಲಿ ಏನಿದೆ ಅನ್ನೋದು ಮೊದಲು, ಗೋಡೆ ಆಮೇಲೆ.

ಉದುರಿದ ಭಾಗಗಳ ಕಥೆ ಬೇರೆ. ಇಂಥ ರಂಗಮಂದಿರಗಳಲ್ಲಿ ಒಂದೇ ಹೂವು, ಒಂದೇ ಅಂಚುಪಟ್ಟಿ ನೂರಾರು ಸಲ ಬರುತ್ತದೆ. ಚೆನ್ನಾಗಿ ಉಳಿದ ಒಂದರಿಂದ ರಬ್ಬರ್ ಅಚ್ಚು ತೆಗೆದು, ನಾರು ಸೇರಿಸಿದ ಪ್ಲಾಸ್ಟರ್ ಎರೆದು, ಖಾಲಿ ಜಾಗದಲ್ಲಿ ಕೂರಿಸುತ್ತಾರೆ. ಜಿಪ್ಸಮ್ ಪ್ಲಾಸ್ಟರ್ ಅರ್ಧ ಗಂಟೆಯೊಳಗೆ ಗಟ್ಟಿಯಾಗುವುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನೀರು ಮಾತ್ರ ಅದಕ್ಕೆ ಆಗಿಬರಲ್ಲ, ಹಾಗಾಗಿ ಒಳಗಿನ ಗೋಡೆಗಷ್ಟೇ ಸರಿ.

ಈ ಉಪಾಯವನ್ನು ಹಂಪಿಗೆ ಒಯ್ದರೆ ನಡೆಯೋದಿಲ್ಲ. ಜನಾನಾ ಆವರಣದ ಕಮಲ ಮಹಲನ್ನು ನೋಡಿದವರಿಗೆ ಗೊತ್ತು, ಅದರ ಕಮಾನುಗಳ ಮೇಲಿನ ಅಲಂಕಾರ ಕಲ್ಲಲ್ಲ, ಇಟ್ಟಿಗೆಯ ಮೇಲೆ ಮೆತ್ತಿದ ಸುಣ್ಣದ ಗಾರೆ. ಹಸಿ ಇರುವಾಗಲೇ ಕರಣೆಯಿಂದ, ಬೆರಳಿನಿಂದ ತೀಡಿದ್ದು. ಪಕ್ಕದ್ದರ ನಕಲಾಗಿ ಕಂಡದ್ದರಲ್ಲೂ ಕೈ ವ್ಯತ್ಯಾಸ ಇರುತ್ತದೆ. ಅಚ್ಚು ತೆಗೆಯೋಣ ಅಂದ್ರೆ ಯಾವುದರಿಂದ ತೆಗೆಯೋದು? ಉದುರಿದ್ದು ಹೋಯಿತು, ಇರುವುದು ಬೀಳದಂತೆ ನೋಡಿಕೊಳ್ಳಬಹುದು, ಅಷ್ಟೆ. 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಪುನರುದ್ಧಾರ ನಿಲ್ಲಬೇಕು. ಮೂಗು ಮುರಿದ ಗಾರೆ ಗೊಂಬೆಗೆ ಯಾರೋ ಅಂದಾಜಿನಲ್ಲಿ ಹೊಸ ಮೂಗು ಇಟ್ಟರೆ ಅದು ವಿಜಯನಗರದ್ದಲ್ಲ, ಮೊನ್ನೆಯದು.

ಸುಣ್ಣದ ಸ್ವಭಾವವನ್ನೂ ಒಂದಿಷ್ಟು ತಿಳಿದುಕೊಳ್ಳಬೇಕು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಅಥವಾ ಸುರ್ಕಿ (ಇಟ್ಟಿಗೆ ಪುಡಿ) ಜೊತೆ ಅರೆದರೆ ಗಾರೆ. ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಕೂಡ ಸೇರಿಸುತ್ತಿದ್ದರು. ಅದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರುತ್ತಾ ನಿಧಾನವಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಈ ಗಾರೆಗೆ ಸಣ್ಣ ಸಣ್ಣ ರಂಧ್ರಗಳಿವೆ, ಒಳಗಿನ ತೇವ ಅವುಗಳ ಮೂಲಕ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದಿರೋ, ತೇವಕ್ಕೆ ದಾರಿ ಮುಚ್ಚಿತು. ನೀರಿನಲ್ಲಿ ಕರಗಿದ ಉಪ್ಪು ಒಳಗೇ ಹರಳುಗಟ್ಟಿ ಹಳೇ ಗಾರೆಯನ್ನು ಪುಡಿ ಮಾಡುತ್ತದೆ. ನಾಲ್ಕು ಮಳೆಗಾಲ ಕಳೆದ ಮೇಲೆ ಸಿಮೆಂಟು ಹಪ್ಪಳದ ಹಾಗೆ ಏಳುತ್ತದೆ, ಏಳುವಾಗ ಹಳೆಯದನ್ನೂ ಕಿತ್ತುಕೊಂಡೇ ಬರುತ್ತದೆ.

ಇದನ್ನೆಲ್ಲ ಇಲ್ಲಿ ಬರೆಯುತ್ತಿರೋದಕ್ಕೆ ಕಾರಣ ಇದೆ. ಸಿವಿಲ್ ಓದಿದ ನಮ್ಮಂಥವರಿಗೆ ಊರಿನಿಂದ ಬರುವ ಒಂದು ಫೋನು ಮಾಮೂಲಿ: "ಅಜ್ಜಿ ಮನೆ ಜಗಲಿ ಗೋಡೆ ಉದುರ್ತಿದೆ ಕಣೋ, ಹಬ್ಬದೊಳಗೆ ಸಿಮೆಂಟ್ ಮಾಡಿಸಿಬಿಡ್ಲಾ?" ಆ ಗೋಡೆಯ ಮೇಲೆ ಗಾರೆಯ ಬಳ್ಳಿ, ಗಿಳಿ, ಬಾಗಿಲ ಮೇಲೊಂದು ಗಜಲಕ್ಷ್ಮಿ ಇದ್ದೀತು. ಹೌದು ಅಂತ ನಾವು ಹೇಳೋಕೆ ಅರ್ಧ ನಿಮಿಷ ಸಾಕು, ಗಿಳಿ ಹೋಗೋಕೆ ಒಂದು ಮಧ್ಯಾಹ್ನ ಸಾಕು.

ಬದಲಿಗೆ ಹೀಗೆ ಹೇಳಬಹುದು. ಮೊದಲು ಹೆಂಚು ನೋಡಿ, ಸೂರಿನ ನೀರು ಎಲ್ಲಿ ಬೀಳುತ್ತೆ ನೋಡಿ. ಬಹಳಷ್ಟು ಸಲ ರೋಗ ಗೋಡೆಯಲ್ಲಲ್ಲ, ಮಾಡಿನಲ್ಲಿರುತ್ತದೆ. ಏನನ್ನೂ ಮುಟ್ಟುವ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ: ಟೊಳ್ಳು ಸದ್ದು ಬಂದ ಕಡೆ ಗಾರೆ ಗೋಡೆ ಬಿಟ್ಟಿದೆ, ಗಟ್ಟಿ ಸದ್ದಿನ ಕಡೆ ಕೈ ಹಾಕಬೇಡಿ. ಬಿದ್ದ ಚೂರುಗಳನ್ನು ಗುಡಿಸಿ ಎಸೆಯದೆ ಡಬ್ಬಿಯಲ್ಲಿಡಿ, ಮರಳು ಎಷ್ಟು, ಸುಣ್ಣ ಎಷ್ಟು ಅಂತ ಅದರಿಂದಲೇ ತಿಳಿಯಬಹುದು. ತೇಪೆಗೆ ಸುಣ್ಣದ್ದೇ ಗಾರೆ, ಮೇಲೆ ಸುಣ್ಣದ್ದೇ ಬಣ್ಣ, ಪ್ಲಾಸ್ಟಿಕ್ ಪೇಂಟ್ ಬೇಡ. ಸುಣ್ಣ ಅರಳಿಸುವಾಗ ಅದು ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಅಪಾಯ, ಮಕ್ಕಳನ್ನು ದೂರ ಇಡಿ.

ಇಲ್ಲಿನ ಹಳೇ ಬಾಡಿಗೆ ಮನೆಗಳಲ್ಲಿರುವವರಿಗೂ ಒಂದು ಮಾತು. 1960ಕ್ಕಿಂತ ಮುಂಚಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, 1990ಕ್ಕಿಂತ ಮುಂಚಿನದಾದರೆ ಪ್ಲಾಸ್ಟರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಚಾವಣಿಯ ಪ್ಲಾಸ್ಟರ್ ಹೂವು ಎಷ್ಟೇ ಚೆನ್ನಾಗಿದ್ದರೂ ನೀವೇ ಉಜ್ಜುಕಾಗದ ಹಿಡಿದು ಹತ್ತಬೇಡಿ, ಮನೆ ಮಾಲೀಕರಿಗೆ ಹೇಳಿ ಪರೀಕ್ಷೆ ಮಾಡಿಸಿ.

ಊರಿನ ಗೋಡೆಗೆ ಇನ್ನೊಂದು ಕೆಲಸ ಬಾಕಿ ಇದೆ: ಗಾರೆ ಮೇಸ್ತ್ರಿ ಹುಡುಕೋದು. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಸುಣ್ಣಕ್ಕೆ ಸಿಕ್ಕಿದ್ದು ಕೆಲವೇ ಪುಟ, ಉಳಿದದ್ದು ಅಂಥವರ ಕೈಯಲ್ಲಿದೆ. ಈ ಸಲ ರಜೆಗೆ ಹೋದಾಗ ನಿಮ್ಮ ಊರಲ್ಲಿ ಒಬ್ಬರು ಸಿಕ್ಕರೆ, ಸುಣ್ಣ ಎಷ್ಟು ದಿನ ಕೊಳೆಸ್ತೀರಿ, ಮರಳು ಎಷ್ಟು ಪಾಲು, ಬೆಲ್ಲ ಯಾವಾಗ ಹಾಕ್ತೀರಿ ಅಂತ ಕೇಳಿ, ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ.