ಮಾಲಾ-ಎನ್ ಮಾತ್ರೆ: ಸುರಕ್ಷಿತ ಬಳಕೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

1. ಹಿನ್ನೆಲೆ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 24ನೆಯದು ಕುಟುಂಬ ಕಲ್ಯಾಣ. ರಸ್ತೆ, ಚರಂಡಿ, ಕುಡಿಯುವ ನೀರಿನ ವಿಷಯಗಳು ಸಾಮಾನ್ಯ ಸಭೆಯ ಮುಂದೆ ಪದೇ ಪದೇ ಬರುತ್ತವೆ. ಕುಟುಂಬ ಕಲ್ಯಾಣದ ವಿಷಯ ಬರುವುದು ಅಪರೂಪ. ಅದು ಆರೋಗ್ಯ ಇಲಾಖೆಯ ಕೆಲಸವೆಂಬ ಭಾವನೆ ಇದಕ್ಕೆ ಒಂದು ಕಾರಣವಾದರೆ, ಸಂಕೋಚ ಇನ್ನೊಂದು ಕಾರಣ.

ನಮ್ಮ ನಾಡಿಗೆ ಈ ವಿಷಯ ಹೊಸದೇನಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಆಗ ಹರಿಹರವೂ ಅದೇ ಸಂಸ್ಥಾನಕ್ಕೆ ಸೇರಿತ್ತು. 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮ ಆರಂಭವಾಯಿತು. ಇಷ್ಟು ದೀರ್ಘ ಇತಿಹಾಸವಿದ್ದರೂ ರಾಜ್ಯದಲ್ಲಿ ಕುಟುಂಬ ಯೋಜನೆಯೆಂದರೆ ಮಹಿಳೆಯ ಶಸ್ತ್ರಚಿಕಿತ್ಸೆ ಎಂಬ ಗ್ರಹಿಕೆಯೇ ಪ್ರಬಲವಾಗಿದೆ. ಮೊದಲ ಮಗುವನ್ನು ಮುಂದೂಡಲು ಅಥವಾ ಎರಡು ಹೆರಿಗೆಗಳ ನಡುವೆ ಅಂತರವಿಡಲು ಬಯಸುವ ದಂಪತಿಗಳಿಗೆ ಬೇಕಾದುದು ತಾತ್ಕಾಲಿಕ ವಿಧಾನ. ಸರ್ಕಾರವು ಉಚಿತವಾಗಿ ಪೂರೈಸುವ ಮಾಲಾ-ಎನ್ ಅಂತಹ ವಿಧಾನಗಳಲ್ಲಿ ಒಂದು.

2. ಮಾತ್ರೆ ಕೆಲಸ ಮಾಡುವ ಬಗೆ

ಮಾಲಾ-ಎನ್ ಪೊಟ್ಟಣದಲ್ಲಿ 28 ಮಾತ್ರೆಗಳಿರುತ್ತವೆ. ಮೊದಲ 21 ಹಾರ್ಮೋನ್ ಮಾತ್ರೆಗಳು, ಉಳಿದ 7 ಕಬ್ಬಿಣಾಂಶದ ಮಾತ್ರೆಗಳು. ಪ್ರತಿ ಹಾರ್ಮೋನ್ ಮಾತ್ರೆಯಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಾಡಿಯೋಲ್ ಇರುತ್ತದೆ. ಇವು ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ.

ರಕ್ತದಲ್ಲಿರುವ ಹಾರ್ಮೋನ್ ಗದ್ದೆಯಲ್ಲಿ ನಿಲ್ಲಿಸಿದ ನೀರಿನಂತೆ. ಭದ್ರಾ ನಾಲೆಯ ಕೊನೆಯ ಭಾಗದ ರೈತರು ಬಲ್ಲಂತೆ, ಒಂದು ದಿನ ನೀರು ತಪ್ಪಿದರೆ ಗದ್ದೆ ತಡೆದುಕೊಳ್ಳುತ್ತದೆ. ನಿಲುಗಡೆ ಉದ್ದವಾದರೆ ನೆಲ ಬಿರಿಯುತ್ತದೆ. ಪೊಟ್ಟಣದ ಕೊನೆಯ 7 ದಿನಗಳು ಲೆಕ್ಕಹಾಕಿ ಇಟ್ಟ ನಿಲುಗಡೆ. ಅದು 7 ದಿನಗಳನ್ನು ಮೀರಿ ಬೆಳೆದಾಗ ಅಂಡಾಣು ಬಿಡುಗಡೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಹೊಸ ಪೊಟ್ಟಣವನ್ನು ತಡವಾಗಿ ಆರಂಭಿಸುವುದು ಎಲ್ಲಕ್ಕಿಂತ ದೊಡ್ಡ ಲೋಪ.

ತಪ್ಪದೆ ಸೇವಿಸಿದಲ್ಲಿ ವರ್ಷವೊಂದರಲ್ಲಿ 100 ಮಹಿಳೆಯರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವ ಸಂಭವ ಕಡಿಮೆ. ವಾಸ್ತವ ಬಳಕೆಯಲ್ಲಿ ಈ ಸಂಖ್ಯೆ ಸುಮಾರು 7. ಇವೆರಡರ ನಡುವಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮರೆವು ಮತ್ತು ಪೂರೈಕೆಯ ಕೊರತೆ.

3. ಸೇವಿಸುವ ಕ್ರಮ

ಅ) ಮುಟ್ಟು ಆರಂಭವಾದ 5 ದಿನಗಳೊಳಗೆ ಆರಂಭಿಸಿದರೆ ಬೇರೆ ರಕ್ಷಣೆ ಅಗತ್ಯವಿಲ್ಲ. ಗರ್ಭಿಣಿಯಲ್ಲವೆಂದು ಖಚಿತವಾದಲ್ಲಿ ಬೇರೆ ದಿನವೂ ಆರಂಭಿಸಬಹುದು. ಆಗ ಮೊದಲ 7 ದಿನ ಕಾಂಡೋಮ್ ಬಳಸತಕ್ಕದ್ದು.

ಆ) ಪ್ರತಿದಿನ ಒಂದೇ ವೇಳೆಗೆ, ರಾತ್ರಿ ಊಟದ ನಂತರ ಎಂಬಂತೆ, ಒಂದು ಮಾತ್ರೆ ಸೇವಿಸಬೇಕು. ಪತಿ ಊರಿನಲ್ಲಿಲ್ಲದ ದಿನಗಳಲ್ಲಿಯೂ ನಿಲ್ಲಿಸಬಾರದು.

ಇ) 28ನೇ ಮಾತ್ರೆ ಮುಗಿದ ಮರುದಿನವೇ ಹೊಸ ಪೊಟ್ಟಣ ಆರಂಭಿಸಬೇಕು.

ಈ) ಸೇವಿಸಿದ 2 ಗಂಟೆಯೊಳಗೆ ವಾಂತಿಯಾದಲ್ಲಿ ಇನ್ನೊಂದು ಮಾತ್ರೆ ಸೇವಿಸಬೇಕು.

ಮೊದಲ ಕೆಲವು ತಿಂಗಳು ವಾಕರಿಕೆ, ತಲೆನೋವು, ನಡುವೆ ಅಲ್ಪ ರಕ್ತಸ್ರಾವ ಕಾಣಿಸಬಹುದು. ಸಾಮಾನ್ಯವಾಗಿ ಇವು ತಾವಾಗಿಯೇ ಕಡಿಮೆಯಾಗುತ್ತವೆ. ಮಾತ್ರೆಯಿಂದ ಬಂಜೆತನ ಬರುತ್ತದೆ, ಮಾತ್ರೆಗಳು ಹೊಟ್ಟೆಯಲ್ಲಿ ಗಡ್ಡೆಯಾಗಿ ನಿಲ್ಲುತ್ತವೆ ಎಂಬ ಮಾತುಗಳಲ್ಲಿ ಹುರುಳಿಲ್ಲ. ನಿಲ್ಲಿಸಿದ ನಂತರ ಗರ್ಭಧಾರಣೆಯ ಶಕ್ತಿ ಬೇಗನೆ ಮರಳುತ್ತದೆ. ಆದರೆ ಮಾತ್ರೆಯು ಎಚ್‌ಐವಿ ಹಾಗೂ ಲೈಂಗಿಕ ಸೋಂಕುಗಳಿಂದ ರಕ್ಷಣೆ ನೀಡುವುದಿಲ್ಲ. ಅದಕ್ಕೆ ಕಾಂಡೋಮ್ ಅಗತ್ಯ.

4. ಮಾತ್ರೆ ಮರೆತಾಗ

1 ಅಥವಾ 2 ಹಾರ್ಮೋನ್ ಮಾತ್ರೆ ಮರೆತಲ್ಲಿ, ನೆನಪಾದ ಕೂಡಲೇ ಒಂದನ್ನು ಸೇವಿಸಿ, ಆ ದಿನದ ಮಾತ್ರೆಯನ್ನು ಅದರ ವೇಳೆಗೆ ಸೇವಿಸಿ ಮುಂದುವರಿಸಬೇಕು.

3 ಅಥವಾ ಹೆಚ್ಚು ಮಾತ್ರೆ ಮರೆತಲ್ಲಿ, ಇಲ್ಲವೇ ಹೊಸ ಪೊಟ್ಟಣ 3 ದಿನ ತಡವಾದಲ್ಲಿ, ಕೂಡಲೇ ಒಂದು ಮಾತ್ರೆ ಸೇವಿಸಿ ಮುಂದುವರಿಸುವುದರ ಜೊತೆಗೆ 7 ದಿನ ಕಾಂಡೋಮ್ ಬಳಸಬೇಕು. ಈ ನಡುವೆ ದಂಪತಿಗಳು ಕೂಡಿದ್ದರೆ ತುರ್ತು ಗರ್ಭನಿರೋಧಕ ಮಾತ್ರೆಯ ಬಗ್ಗೆ ಆಶಾ ಕಾರ್ಯಕರ್ತೆಯನ್ನು ತಡಮಾಡದೆ ಕೇಳಬೇಕು. ಅದನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಸೇವಿಸಬೇಕು. ಮರೆವು ಮೂರನೇ ವಾರದಲ್ಲಿ ಆಗಿದ್ದರೆ, ಉಳಿದ ಹಾರ್ಮೋನ್ ಮಾತ್ರೆಗಳನ್ನು ಮುಗಿಸಿ, 7 ಕಬ್ಬಿಣಾಂಶದ ಮಾತ್ರೆಗಳನ್ನು ಬಿಟ್ಟು, ನೇರವಾಗಿ ಹೊಸ ಪೊಟ್ಟಣ ಆರಂಭಿಸಬೇಕು.

ಕಬ್ಬಿಣಾಂಶದ ಮಾತ್ರೆ ಮರೆತರೆ ಗರ್ಭನಿರೋಧಕ್ಕೆ ತೊಂದರೆಯಿಲ್ಲ.

5. ಯಾರಿಗೆ ಸೂಕ್ತವಲ್ಲ

ಮಾತ್ರೆಯಲ್ಲಿನ ಈಸ್ಟ್ರೋಜನ್ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ಕೆಳಕಂಡವರಿಗೆ ಇದು ಸೂಕ್ತವಲ್ಲ:

• ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿರುವವರು;
• 35 ವರ್ಷ ದಾಟಿದ, ಬೀಡಿ ಅಥವಾ ಸಿಗರೇಟು ಸೇದುವವರು;
• ಹೃದ್ರೋಗ, ಪಾರ್ಶ್ವವಾಯು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಆಗಿದ್ದವರು;
• ಕಣ್ಣಿಗೆ ಮಿಂಚು ಕಂಡು ಬರುವ ಅರೆತಲೆನೋವು ಉಳ್ಳವರು;
• ಸ್ತನ ಕ್ಯಾನ್ಸರ್ ಅಥವಾ ತೀವ್ರ ಯಕೃತ್ತಿನ ಕಾಯಿಲೆ ಉಳ್ಳವರು;
• 6 ತಿಂಗಳೊಳಗಿನ ಮಗುವಿಗೆ ಹಾಲುಣಿಸುವ ತಾಯಂದಿರು.

ಕ್ಷಯರೋಗದ ರಿಫಾಂಪಿಸಿನ್ ಹಾಗೂ ಮೂರ್ಛೆರೋಗದ ಕೆಲವು ಔಷಧಿಗಳು ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತವೆ. ಇಂತಹವರು ವೈದ್ಯರ ಸಲಹೆಯಂತೆ ಕಾಪರ್-ಟಿ ಮುಂತಾದ ಬೇರೆ ವಿಧಾನವನ್ನು ಆರಿಸಿಕೊಳ್ಳಬಹುದು. ಬಾಣಂತಿಯರಿಗೆ ಹಾರ್ಮೋನ್ ರಹಿತ ಛಾಯಾ ಮಾತ್ರೆಯೂ ಲಭ್ಯವಿದೆ. ಛಾಯಾ ಸೇವಿಸುವ ಕ್ರಮವೇ ಬೇರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಸೇವಿಸುವ ಅವಧಿಯಲ್ಲಿ ತೀವ್ರ ಎದೆನೋವು, ಉಸಿರಾಟದ ತೊಂದರೆ, ಹಿಂದೆಂದೂ ಕಾಣದ ತಲೆನೋವು, ದೃಷ್ಟಿ ಮಂಜಾಗುವುದು, ಒಂದು ಕಾಲಿನಲ್ಲಿ ಊತ ಮತ್ತು ನೋವು, ತೀವ್ರ ಹೊಟ್ಟೆನೋವು, ಕಾಮಾಲೆ ಇವುಗಳಲ್ಲಿ ಯಾವುದೇ ಲಕ್ಷಣ ಕಂಡಲ್ಲಿ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ತೆರಳಬೇಕು. ಅಗತ್ಯವಿದ್ದಲ್ಲಿ 108ಕ್ಕೆ ಕರೆ ಮಾಡಬೇಕು.

6. ಗ್ರಾಮ ಪಂಚಾಯತಿ ಮಾಡಬೇಕಾದುದು

ಒಂದು ಸನ್ನಿವೇಶವನ್ನು ಊಹಿಸೋಣ. ಭತ್ತದ ನಾಟಿಯ ಕಾಲ. ಮಹಿಳೆಯೊಬ್ಬಳು ಬೆಳಗಿನ ಜಾವಕ್ಕೇ ಕೂಲಿಗೆ ಹೊರಟು ಸಂಜೆ ಮರಳುತ್ತಾಳೆ. ಪೊಟ್ಟಣ ಮುಗಿದಿದೆ, ಆಶಾ ಕಾರ್ಯಕರ್ತೆಯ ಬಳಿಯೂ ದಾಸ್ತಾನು ಬಂದಿಲ್ಲ. ಒಂದು ವಾರ ಕಳೆಯುತ್ತದೆ. ಮುಂದೆ ಬಯಸದ ಗರ್ಭ ನಿಂತರೆ ಊರು "ಅವಳು ಮರೆತಳು" ಎನ್ನುತ್ತದೆ. ಇಲ್ಲಿ ಮರೆತವಳು ಅವಳಲ್ಲ. ಇದೇ ರೀತಿ, ರಕ್ತದೊತ್ತಡ ನೋಡದೆ ಪೊಟ್ಟಣ ಕೊಟ್ಟು ಅಪಾಯವಾದರೆ ಅದೂ ಆಕೆಯ ತಪ್ಪಲ್ಲ.

ಆದ್ದರಿಂದ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸದಸ್ಯರು ಈ ಪ್ರಶ್ನೆಗಳನ್ನು ಕೇಳತಕ್ಕದ್ದು:

1) ಮುಂದಿನ ಮೂರು ತಿಂಗಳಿಗೆ ಸಾಕಾಗುವಷ್ಟು ಮಾಲಾ-ಎನ್, ಛಾಯಾ, ಕಾಂಡೋಮ್ ದಾಸ್ತಾನು ಇದೆಯೇ? ಅವಧಿ ಮೀರಿದ ಪೊಟ್ಟಣಗಳನ್ನು ಬೇರ್ಪಡಿಸಲಾಗಿದೆಯೇ?
2) ಉಪಕೇಂದ್ರದ ಬಿ.ಪಿ. ಯಂತ್ರ ಸುಸ್ಥಿತಿಯಲ್ಲಿದೆಯೇ?
3) ನಾಟಿ ಮತ್ತು ಕಟಾವಿನ ಕಾಲಕ್ಕೆ ಮುಂಚಿತವಾಗಿ, ಬಳಕೆದಾರರಿಗೆ ಹೆಚ್ಚುವರಿ ಪೊಟ್ಟಣ ನೀಡಲು ಸಾಧ್ಯವೇ?
4) ಕೂಲಿಗೆ ಹೋಗುವ ಮಹಿಳೆಯರಿಗೆ ಅನುಕೂಲವಾಗುವ ವೇಳೆಯಲ್ಲಿ ಸಲಹೆ ದೊರೆಯುತ್ತಿದೆಯೇ?

ಕೇಳಬಾರದ ಪ್ರಶ್ನೆಯೂ ಒಂದಿದೆ: "ಯಾರ್ಯಾರು ತೆಗೆದುಕೊಳ್ಳುತ್ತಿದ್ದಾರೆ?" ಬಳಕೆದಾರರ ಹೆಸರು ಸಭೆಯ ನಡವಳಿಯಲ್ಲಾಗಲಿ, ಮಾತಿನಲ್ಲಾಗಲಿ ಬರಕೂಡದು. ಹೆಸರು ಹೊರಬಿದ್ದರೆ ಆಕೆ ಮಾತ್ರೆಯನ್ನೂ ಬಿಡುತ್ತಾಳೆ, ಆಶಾ ಕಾರ್ಯಕರ್ತೆಯ ಮೇಲಿನ ನಂಬಿಕೆಯನ್ನೂ ಬಿಡುತ್ತಾಳೆ. ಇಂತಿಷ್ಟು ಜನರನ್ನು ಸೇರಿಸಬೇಕೆಂಬ ಗುರಿಯನ್ನೂ ಹೇರಬಾರದು. ವಿಧಾನವಾರು ಗುರಿ ನಿಗದಿಪಡಿಸುವ ಪದ್ಧತಿಯನ್ನು ದೇಶದಲ್ಲಿ 1996ರಲ್ಲಿಯೇ ಕೈಬಿಡಲಾಗಿದೆ.

ಯಾವ ವಿಧಾನ, ಎಷ್ಟು ಕಾಲ ಎಂಬುದು ಮಹಿಳೆಯ ತೀರ್ಮಾನ. ಅವಳಿಗೆ ಸೂಕ್ತವೇ ಎಂದು ಪರೀಕ್ಷಿಸುವುದು ಆರೋಗ್ಯ ಸಿಬ್ಬಂದಿಯ ಕರ್ತವ್ಯ. ತೀರ್ಮಾನಿಸಿದ ಮೇಲೆ ಪೊಟ್ಟಣ ತಪ್ಪದಂತೆ ನೋಡಿಕೊಳ್ಳುವುದು ಪಂಚಾಯತಿಯ ಹೊಣೆ. ಸದಸ್ಯರು ಮುಂದಿನ ಸಮಿತಿ ಸಭೆಯಲ್ಲಿ ಮೇಲಿನ ನಾಲ್ಕು ಪ್ರಶ್ನೆಗಳನ್ನು ಚರ್ಚಿಸಿ, ಕೊರತೆ ಕಂಡಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು.