ಮಗುವಿಗೆ ತಕ್ಕ ವೈದ್ಯರನ್ನು ಆರಿಸಿಕೊಳ್ಳುವ ಬಗೆ

ಸೀರೆಯೊಂದನ್ನು ಕೊಳ್ಳಬೇಕಾದರೆ ನಾವು ನಾಲ್ಕು ಅಂಗಡಿಗಳನ್ನು ಹತ್ತಿ ಇಳಿಯುತ್ತೇವೆ. ನೂಲನ್ನು ಬೆರಳಿನಿಂದ ತಿಕ್ಕಿ ನೋಡುತ್ತೇವೆ. ಬಣ್ಣವು ನಿಲ್ಲುವುದೋ ಇಲ್ಲವೋ ಎಂದು ಕೇಳುತ್ತೇವೆ. ಆದರೆ ಕೂಸಿನ ಜೀವವನ್ನು ಯಾರ ಕೈಗೆ ಒಪ್ಪಿಸತಕ್ಕದ್ದೆಂಬುದನ್ನು ಮಾತ್ರ ನಡುರಾತ್ರಿಯಲ್ಲಿ, ಜ್ವರದಿಂದ ಸುಡುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಯಾವ ಬಾಗಿಲಲ್ಲಿ ದೀಪ ಕಾಣುವುದೋ ಅಲ್ಲಿ ನಿಶ್ಚಯಿಸುತ್ತೇವೆ. ಇದು ಸರಿಯೇ ಎಂಬ ಪ್ರಶ್ನೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಂದೆತಾಯಿಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶವು.

ನಾನು ಹೀಗೆ ಬರೆಯುವುದಕ್ಕೆ ಕಾರಣವುಂಟು. ೧೯೮೮ರ ಬೇಸಗೆಯಲ್ಲಿ ಹತ್ತು ತಿಂಗಳಿನ ನನ್ನ ಚೊಚ್ಚಲ ಮಗುವಿಗೆ ಭೇದಿ ಹಿಡಿಯಿತು. ನೀರು ಕುಡಿಸಿದರೆ ಭೇದಿ ಹೆಚ್ಚುವುದೆಂಬ ನೆರೆಯವರ ಮಾತನ್ನು ನಂಬಿ, ಓದಿದವಳಾಗಿಯೂ ನಾನು ನೀರನ್ನು ನಿಲ್ಲಿಸಿಬಿಟ್ಟೆನು. ಹತ್ತಿರದ ವೈದ್ಯರೊಬ್ಬರು ಮಗುವನ್ನು ಮುಟ್ಟದೆಯೇ ಮೂರು ಸೀಸೆ ಔಷಧವನ್ನು ಬರೆದುಕೊಟ್ಟರು. ಮರುದಿನ ಮಗುವಿನ ಕಣ್ಣುಗಳು ಗುಳಿಬಿದ್ದವು. ಅತ್ತರೆ ಕಣ್ಣೀರು ಬರಲಿಲ್ಲ. ಆಗ ಇನ್ನೊಬ್ಬ ವೈದ್ಯೆಯ ಬಳಿಗೆ ಓಡಿದೆನು. ಅವರು ಮಗುವನ್ನು ತೂಗಿದರು; ಹೊಟ್ಟೆಯ ಚರ್ಮವನ್ನು ಮೆಲ್ಲನೆ ಚಿವುಟಿ ಬಿಟ್ಟು ನೋಡಿದರು; ಅದು ಕೂಡಲೇ ಸಮನಾಗಲಿಲ್ಲ. ಮೂತ್ರ ಹೋಗಿ ಎಷ್ಟು ಹೊತ್ತಾಯಿತೆಂದು ಕೇಳಿದರು. ಬಳಿಕ ಓ.ಆರ್.ಎಸ್. ಪುಡಿಯನ್ನು ನೀರಿನಲ್ಲಿ ಕದಡಿ, ನನ್ನ ಕೈಗೆ ಚಮಚವನ್ನಿತ್ತು, ತಮ್ಮ ಎದುರಿಗೇ ಕೂರಿಸಿ ನಾಲ್ಕು ಗಂಟೆಗಳ ಕಾಲ ಗುಟುಕು ಗುಟುಕಾಗಿ ಕುಡಿಸಿದರು. ಸಂಜೆಗೆ ಮಗು ಮೂತ್ರ ಮಾಡಿತು. ಅತ್ತಾಗ ಕಣ್ಣೀರೂ ಬಂದಿತು.

ಆ ದ್ರಾವಣದ ಬೆಲೆಯನ್ನು ೧೯೭೧ರಲ್ಲಿಯೇ ಡಾಕ್ಟರ್ ದಿಲೀಪ್ ಮಹಲನಬೀಸರು ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ನಡುವೆ ಕಾಲರಾ ರೋಗಿಗಳಿಗೆ ಕುಡಿಸಿ ಲೋಕಕ್ಕೆ ತೋರಿಸಿದ್ದರು. ಹದಿನೇಳು ವರ್ಷಗಳ ಮೇಲೆಯೂ ಆ ತಿಳುವಳಿಕೆಯು ನನ್ನ ಮನೆಯ ಹೊಸ್ತಿಲನ್ನು ದಾಟಿರಲಿಲ್ಲ. ನಾನು ಕಂಡ ವೈದ್ಯರಿಬ್ಬರ ಗೋಡೆಯ ಮೇಲೂ ಪದವಿಪತ್ರಗಳು ತೂಗುತ್ತಿದ್ದವು. ಭೇದವಿದ್ದುದು ಮಗುವನ್ನು ನೋಡುವುದರಲ್ಲಿ ಮತ್ತು ತಾಯಿಗೆ ಕಲಿಸುವುದರಲ್ಲಿ. ಆದುದರಿಂದ ವೈದ್ಯರನ್ನು ಆರಿಸುವಾಗ ಈ ಕೆಳಗಿನ ಸಂಗತಿಗಳನ್ನು ಗಮನಿಸತಕ್ಕದ್ದು.

೧. ಆರಿಸುವ ಕಾಲ. ಮಗು ಹುಟ್ಟುವುದಕ್ಕೆ ಮೊದಲೇ, ಏಳನೆಯ ಎಂಟನೆಯ ತಿಂಗಳಲ್ಲಿ, ವಿಚಾರಿಸಿಕೊಳ್ಳುವುದು ಒಳ್ಳೆಯದು. ಹುಟ್ಟಿದೊಡನೆ ಬಿ.ಸಿ.ಜಿ., ಪೋಲಿಯೋ ಮತ್ತು ಹೆಪಟೈಟಿಸ್ ಬಿ ಲಸಿಕೆಗಳು; ಆಮೇಲೆ ೬, ೧೦, ೧೪ನೆಯ ವಾರಗಳಲ್ಲಿ ಲಸಿಕೆಗಳು; ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾ ಲಸಿಕೆ. ಹೀಗೆ ಆರೋಗ್ಯವಂತ ಮಗುವನ್ನು ಎತ್ತಿಕೊಂಡು ಹೋಗುವ ಸಂದರ್ಭಗಳು ಹಲವಿರುವುವು. ವೈದ್ಯರ ಗುಣವನ್ನು ಅರಿಯಲು ಈ ಶಾಂತ ಸಮಯವೇ ತಕ್ಕದ್ದು, ಸಂಕಟದ ಸಮಯವಲ್ಲ.

೨. ವಿದ್ಯೆ. ಮಗು ಎಂದರೆ ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ. ಅದರ ರೋಗಗಳೂ ಅವುಗಳ ಲಕ್ಷಣಗಳೂ ಬೇರೆ. ಔಷಧದ ಪ್ರಮಾಣವನ್ನು ಸಾಮಾನ್ಯವಾಗಿ ಅದರ ತೂಕವನ್ನು ನೋಡಿ ನಿರ್ಣಯಿಸತಕ್ಕದ್ದು. ಎಂ.ಬಿ.ಬಿ.ಎಸ್. ಆದ ಮೇಲೆ ಮಕ್ಕಳ ವೈದ್ಯದಲ್ಲಿಯೇ ಮೂರು ವರ್ಷ ಓದಿದವರು ಎಂ.ಡಿ. ಎಂದೂ, ಎರಡು ವರ್ಷ ಓದಿದವರು ಡಿ.ಸಿ.ಎಚ್. ಎಂದೂ ಹೆಸರಿನ ಮುಂದೆ ಬರೆದುಕೊಳ್ಳುವರು. ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಅವರ ಹೆಸರು ದಾಖಲಾಗಿದೆಯೇ ಎಂದು ವಿಚಾರಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಇಂಥವರು ದೊರೆಯದ ಹಳ್ಳಿಗಳಲ್ಲಿ, ಮಗುವನ್ನು ಚೆನ್ನಾಗಿ ನೋಡಿ, ತಮ್ಮ ಕೈಮೀರಿದುದನ್ನು ಕಾಲಮೀರದೆ ದೊಡ್ಡಾಸ್ಪತ್ರೆಗೆ ಕಳುಹಿಸುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಎಷ್ಟೋ ಮೇಲು.

೩. ಪರೀಕ್ಷಿಸುವ ರೀತಿ. ಒಳ್ಳೆಯ ವೈದ್ಯರು ಮಗುವನ್ನು ತೂಗಿ, ಉದ್ದವನ್ನು ಅಳೆದು, ಕಾರ್ಡಿನಲ್ಲಿ ಗುರುತಿಸುವರು. ಸಾಮಾನ್ಯವಾಗಿ ಶಿಶುವಿನ ಹುಟ್ಟುತೂಕವು ಸುಮಾರು ಐದು ತಿಂಗಳಿಗೆ ಎರಡರಷ್ಟೂ ವರ್ಷಕ್ಕೆ ಮೂರರಷ್ಟೂ ಆಗುವುದು. ಕೆಮ್ಮಿದ್ದರೆ ಅಂಗಿಯನ್ನು ಮೇಲೆತ್ತಿ ಒಂದು ನಿಮಿಷ ಪೂರ್ತಿಯಾಗಿ ಉಸಿರನ್ನು ಎಣಿಸುವರು. ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ ೫೦, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ ೪೦, ಅಥವಾ ಅದಕ್ಕೆ ಮೇಲ್ಪಟ್ಟರೆ ಅದು ನ್ಯುಮೋನಿಯಾದ ಸೂಚನೆಯಾಗಿರಬಹುದು. ಇದಕ್ಕೆ ಬೆಲೆಬಾಳುವ ಯಂತ್ರವು ಬೇಡ. ಒಂದು ಗಡಿಯಾರವೂ ತಾಳ್ಮೆಯೂ ಸಾಕು.

೪. ಔಷಧ ಕೊಡುವ ರೀತಿ. ಸೂಜಿ ಚುಚ್ಚಿದವರೇ ವೈದ್ಯರೆಂದೂ, ಸೀಸೆಗಳು ಹೆಚ್ಚಾದಷ್ಟೂ ಗುಣವು ಬೇಗ ಬರುವುದೆಂದೂ ನಮ್ಮಲ್ಲಿ ಅನೇಕರು ನಂಬಿರುವರು. ಸಾಧಾರಣ ನೆಗಡಿಯು ವೈರಸ್ಸಿನಿಂದ ಬರತಕ್ಕದ್ದು. ಆಂಟಿಬಯೋಟಿಕ್ಕುಗಳು ಅದಕ್ಕೆ ಏನನ್ನೂ ಮಾಡಲಾರವು. "ಇದಕ್ಕೆ ಔಷಧ ಬೇಡಮ್ಮ, ಹಾಲೂಡಿಸು, ಕಾದು ನೋಡು" ಎಂದು ಹೇಳಬಲ್ಲ ವೈದ್ಯರು ನಮ್ಮ ಹಣವನ್ನೂ ಮಗುವಿನ ಶರೀರವನ್ನೂ ಉಳಿಸುವರು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂದು ಧೈರ್ಯ ಹೇಳುವರೋ, ಕಾರಣವಿಲ್ಲದೆ ಡಬ್ಬಿಯ ಹಾಲನ್ನು ಸೂಚಿಸುವರೋ ಎಂಬುದನ್ನೂ ನೋಡಿರಿ. ಅಂಥ ಹಾಲಿನ ಪ್ರಚಾರವನ್ನು ನಮ್ಮ ದೇಶದಲ್ಲಿ ೧೯೯೨ರ ಕಾಯಿದೆಯು ನಿಷೇಧಿಸಿದೆ.

೫. ತಿಳಿಯಹೇಳುವ ರೀತಿ. ರೋಗವೇನು, ಔಷಧವೇಕೆ, ಎಷ್ಟು ದಿನ, ಯಾವ ಲಕ್ಷಣವನ್ನು ಕಂಡರೆ ಮರಳಿ ಬರಬೇಕು, ತಾವಿಲ್ಲದ ವೇಳೆಯಲ್ಲಿ ಎಲ್ಲಿಗೆ ಹೋಗಬೇಕು, ಇಷ್ಟನ್ನು ಹೇಳದೆ ಕಳುಹಿಸುವವರು ಅರ್ಧ ಕೆಲಸವನ್ನು ಮಾತ್ರ ಮಾಡಿದವರು. ತಾಯಿಯ ಪ್ರಶ್ನೆಗೆ ಸಿಡಿಮಿಡಿಗೊಳ್ಳುವವರ ಮುಂದೆ ಅವಳು ಮುಖ್ಯವಾದುದನ್ನೇ ಹೇಳದೆ ಹಿಂದಿರುಗುವಳು.

ಇನ್ನು ನಮ್ಮ ಕರ್ತವ್ಯವೂ ಉಂಟು. ಲಸಿಕೆಯ ಕಾರ್ಡನ್ನೂ ಹಿಂದಿನ ಚೀಟಿಗಳನ್ನೂ ಜೋಪಾನವಾಗಿಟ್ಟು ಪ್ರತಿ ಸಲವೂ ಒಯ್ಯಬೇಕು. ಮನೆಯಲ್ಲಿ ಮಾಡಿದ ಮದ್ದನ್ನು ಮುಚ್ಚಿಡದೆ ಹೇಳಬೇಕು. ಒಂದು ದಿನದಲ್ಲಿ ಜ್ವರ ಇಳಿಯಲಿಲ್ಲವೆಂದು ದಿನಕ್ಕೊಬ್ಬ ವೈದ್ಯರನ್ನು ಬದಲಿಸಬಾರದು. ಮಗುವನ್ನು ಹುಟ್ಟಿದಂದಿನಿಂದ ಬಲ್ಲವರಿಗೆ ಅದರ ಸಣ್ಣ ಬದಲಾವಣೆಯೂ ತಿಳಿಯುವುದು. ಆದರೆ ಮಗು ಏನನ್ನೂ ಕುಡಿಯಲಾರದಿದ್ದರೆ, ಕುಡಿದುದನ್ನೆಲ್ಲ ಕಾರಿದರೆ, ಸೆಳವು ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಅಥವಾ ಉಸಿರಾಡುವಾಗ ಎದೆಯ ಕೆಳಭಾಗವು ಒಳಕ್ಕೆ ಸೆಳೆದರೆ, ನೀವು ಆರಿಸಿದ ವೈದ್ಯರಿಗಾಗಿ ಕಾಯದೆ ೧೦೮ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಹೋಗತಕ್ಕದ್ದು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಹಾಗೆಯೇ.

ಅಂದು ಕಣ್ಣೀರಿಲ್ಲದೆ ಅತ್ತ ನನ್ನ ಮಗಳು ಈಗ ತಾನೇ ತಾಯಿಯಾಗಿದ್ದಾಳೆ. ಹೆರಿಗೆಗೆ ಎರಡು ತಿಂಗಳು ಮುಂಚೆ ನಾವಿಬ್ಬರೂ ಹೋಗಿ ಮಕ್ಕಳ ವೈದ್ಯರೊಬ್ಬರನ್ನು ಕಂಡುಬಂದೆವು. ಅವಳು ಕೇಳಿದ ಪ್ರಶ್ನೆಗಳು ಹನ್ನೊಂದು. ಅವರು ಹನ್ನೊಂದಕ್ಕೂ ಉತ್ತರ ಹೇಳಿದರು. ಹೊರಗೆ ಬಂದ ಮೇಲೆ ಅವಳು, "ಅಮ್ಮಾ, ಇವರೇ ಆಗಲಿ" ಎಂದಳು. ನನಗೆ ಆ ಬುದ್ಧಿಯು ಬರಲು ಮಗುವಿನ ಜೀವವನ್ನೇ ಅಪಾಯಕ್ಕೆ ಒಡ್ಡಬೇಕಾಯಿತು. ಈ ಪುಟವನ್ನು ಓದಿದ ಸೋದರಿಯರಿಗೆ ಅಷ್ಟು ಬೆಲೆಯನ್ನು ತೆರುವ ಪ್ರಸಂಗವು ಬಾರದಿರಲಿ.